ಬ್ಯಾಗ್ ಕಾಯುವವರ ಬೆಂಚು

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ. ಎಲ್ಲಕ್ಕಿಂತ ಮೇಲಿನ ಗೆರೆಯ ಪಕ್ಕ 118 ಅಂತ ಬರೆದಿದೆ. ಅದಕ್ಕಿಂತ ಎರಡು ಬೆರಳು ಮೇಲೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಇನ್ನೊಂದು ಗೆರೆ. ಅಲ್ಲಿ 122 ಅಂತಿದೆ. ನಾಲ್ಕು ಅಡಿ ಅಂದರೆ ಸೆಂಟಿಮೀಟರಿನಲ್ಲಿ ಅಷ್ಟು. ಏಳು ವರ್ಷದ ಮಗಳು ಪ್ರತಿ ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ಅಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಹಿಮ್ಮಡಿ ಎತ್ತಬಾರದು ಅಂತ ಕಾಲಿನ ಹತ್ತಿರ ಅಜ್ಜಿ ಕಾವಲು. ನಾನು ತಲೆಯ ಮೇಲೆ ಸ್ಕೇಲ್ ಇಟ್ಟು ನೋಡಬೇಕು. ವಾರಕ್ಕೆ ಒಂದು ಕೂದಲಿನಷ್ಟೂ ಬೆಳೆದಿರುವುದಿಲ್ಲ. ಆದರೂ ನೋಡಬೇಕು.

ನಾಲ್ಕು ಅಡಿ ಮುಟ್ಟಿದರೆ ದೊಡ್ಡವರ ರೈಡ್ ಹತ್ತಬಹುದು ಅಂತ ಅವಳಿಗೆ ಶಾಲೆಯಲ್ಲಿ ಯಾರೋ ಹೇಳಿದ್ದಾರೆ. ಯಾವ ಪಾರ್ಕಿನ ರೈಡ್? ಇನ್ನೂ ಕಟ್ಟದ ಪಾರ್ಕಿನದು.

ನಾವಿರುವುದು ಮುಂಬೈಯ ದಹಿಸರ್. ಗೊರಾಯಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ, ಎಸ್ಸೆಲ್ ವರ್ಲ್ಡ್ ಅನ್ನುವ ಹಳೆಯ ಪಾರ್ಕ್ ಇದ್ದ ಜಾಗದಲ್ಲಿ, ಹೊಸದೊಂದು ಪಾರ್ಕ್ ಬರುತ್ತದಂತೆ. ಈ 'ಅಂತೆ' ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಎಷ್ಟೋ ದಿನದಿಂದ ಮೇಲೆ ಕೆಳಗೆ ಓಡಾಡುತ್ತಿದೆ. ಒಬ್ಬರ ಬಾಯಲ್ಲಿ ಅದು ಡೈನೋಸಾರ್ ಪಾರ್ಕ್. ಇನ್ನೊಬ್ಬರ ಬಾಯಲ್ಲಿ ಹಿಮದ ಪಾರ್ಕ್. ವಾಚ್‌ಮನ್ ಪ್ರಕಾರ ಎರಡೂ ಅಲ್ಲ, ಬರೀ ಬಿಲ್ಡಿಂಗು. ಮಗಳು ವಾಚ್‌ಮನ್ ಮಾತು ಬಿಟ್ಟು ಉಳಿದದ್ದನ್ನೆಲ್ಲ ನಂಬಿದ್ದಾಳೆ. ನನಗೆ ನಗು ಬರುತ್ತದೆ, ಆದರೆ ನಗುವ ಹಕ್ಕು ನನಗಿಲ್ಲ. ಇದೇ ಖಾಡಿಯ ಇದೇ ದಡದಲ್ಲಿ ನಾನೂ ಮೂರು ವರ್ಷ ಹೀಗೇ ಕಾದಿದ್ದೆ.

ಎಸ್ಸೆಲ್ ವರ್ಲ್ಡ್ ಶುರುವಾದದ್ದು 1989ರಲ್ಲಿ. ದಿಲ್ಲಿಯವರಿಗೆ 1984ರಲ್ಲೇ ಅಪ್ಪು ಘರ್ ಬಂದಿತ್ತು. 1982ರ ಏಷ್ಯನ್ ಗೇಮ್ಸಿನ ಆನೆಮರಿ ಅಪ್ಪುವಿನ ಹೆಸರು ಅದಕ್ಕೆ. (ಕನ್ನಡದವರಿಗೆ ಅಪ್ಪು ಅಂದರೆ ಬೇರೆಯೇ, ಅದು ಬಿಡಿ.) ನಮಗೆ ಮಾತ್ರ ಅಂಥದ್ದು ಎಸ್ಸೆಲ್ ವರ್ಲ್ಡೇ ಮೊದಲು. ಟೀವಿಯಲ್ಲಿ ಅದರ ಜಾಹೀರಾತು ಬರುತ್ತಿತ್ತು. ಇಲ್ಲೇ ಇರ್ತೀನಿ, ಮನೆಗೆ ಹೋಗೋಲ್ಲ ಅಂತ ಹಟ ಹಿಡಿಯುವ ಹಾಡು. ಮುಂಬೈಯಲ್ಲಿ ಆಗ ಮಗುವಾಗಿದ್ದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, ಇವತ್ತಿಗೂ ರಾಗ ತಪ್ಪದೆ ಹಾಡುತ್ತಾರೆ.

ಅಪ್ಪಯ್ಯ ಮಲಾಡಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. 1990ರಲ್ಲಿ ನನಗೆ ಏಳು ವರ್ಷ, ಅಕ್ಕನಿಗೆ ಹತ್ತು. 'ಕರ್ಕೊಂಡ್ ಹೋಪ' ಅಂದರು ಅಪ್ಪಯ್ಯ. ದಿನ ಹೇಳಲಿಲ್ಲ. ಬೋರ್ನ್‌ವೀಟಾ ಡಬ್ಬಿಯೊಂದರ ಮುಚ್ಚಳಕ್ಕೆ ಸೀಳು ಮಾಡಿ ಕೊಟ್ಟರು. ಊರಿಂದ ಬಂದ ನೆಂಟರು ಹೋಗುವಾಗ ಕೈಯಲ್ಲಿಡುತ್ತಿದ್ದ ಎರಡು ರೂಪಾಯಿ, ಐದು ರೂಪಾಯಿ ಎಲ್ಲ ಅದರೊಳಗೆ. ನಾಲ್ಕು ಜನರ ಟಿಕೆಟ್ಟಿಗೆ ಆಗುವ ದುಡ್ಡಿನಲ್ಲಿ ಹದಿನೈದು ದಿನದ ರೇಷನ್ ಬರುತ್ತದೆ ಅಂತ ಅಮ್ಮ ಲೆಕ್ಕ ಹೇಳುತ್ತಿದ್ದಳು. ಬೇಡ ಅನ್ನಲಿಲ್ಲ. ಲೆಕ್ಕ ಮಾತ್ರ ಹೇಳುತ್ತಿದ್ದಳು.

ಡಬ್ಬಿ ತುಂಬಿತು ಅನ್ನುವಾಗ 1992ರ ಡಿಸೆಂಬರ್ ಬಂತು. ಕ್ರಿಸ್ಮಸ್ ರಜೆಯಲ್ಲಿ ಹೋಗುವುದು ಅಂತ ನಿಶ್ಚಯವಾಗಿತ್ತು. ಅಯೋಧ್ಯೆಯಲ್ಲಿ ಮಸೀದಿ ಬಿದ್ದ ಆರನೇ ತಾರೀಕಿನ ನಂತರ ಊರೇ ಗಲಭೆಯಲ್ಲಿ ಹೊತ್ತಿಕೊಂಡಿತು. ಕರ್ಫ್ಯೂ. ಹೋಟೆಲ್ ಬಂದ್. ಜನವರಿಯಲ್ಲಿ ಮತ್ತೆ ಶುರು. ಅಪ್ಪಯ್ಯ ಎರಡು ರಾತ್ರಿ ಹೋಟೆಲಿನ ಗೋದಾಮಿನಲ್ಲೇ ಮಲಗಿದರು, ಮನೆಗೆ ಬರಲು ಟ್ರೇನು ಇರಲಿಲ್ಲ. ಮೇ ರಜೆಗೆ ನೋಡುವ ಅಂದರೆ ಮಾರ್ಚ್ 12ರಂದು ಬಾಂಬ್ ಸ್ಫೋಟ. ಡಬ್ಬಿಯ ದುಡ್ಡು ಒಮ್ಮೆ ಖಾಲಿಯೂ ಆಯಿತು. ಯಾರೂ ನಮಗೆ ಹೇಳಲಿಲ್ಲ, ಎತ್ತಿದಾಗ ಸದ್ದು ಬರಲಿಲ್ಲ ಅಷ್ಟೇ. ಅಕ್ಕ ನನ್ನ ಮುಖ ನೋಡಿದಳು. ನಾನು ಡಬ್ಬಿಯನ್ನು ಮೆತ್ತಗೆ ವಾಪಸ್ ಇಟ್ಟೆ.

ಕೊನೆಗೆ ಹೋದದ್ದು 1993ರ ಡಿಸೆಂಬರಿನಲ್ಲಿ.

ಬೊರಿವಲಿಯಿಂದ ಬೆಸ್ಟ್ ಸಿಟಿ ಬಸ್ಸಿನಲ್ಲಿ ಗೊರಾಯಿ ಖಾಡಿ. ಅಲ್ಲಿಂದ ದೋಣಿ. ದಡದಲ್ಲಿ ಬಿದಿರಿನ ಗಳುಗಳಿಗೆ ಬೊಂಬಿಲ್ ಮೀನು ನೇತುಹಾಕಿ ಒಣಗಿಸಿದ್ದರು. ಆ ವಾಸನೆಗೆ ಬಸ್ಸಿನಲ್ಲಿದ್ದ ಅರ್ಧ ಜನ ಮೂಗು ಮುಚ್ಚಿಕೊಂಡರೆ ಅಮ್ಮ ಮಾತ್ರ ಉಸಿರು ಎಳೆದುಕೊಂಡಳು. ಇದು ಕೋಳಿವಾಡ ಅಂದರು ಅಪ್ಪಯ್ಯ. ನಾನು ಕೋಳಿ ಹುಡುಕಿದೆ. ಕೋಳಿ ಅಂದರೆ ಮರಾಠಿಯಲ್ಲಿ ಮೀನು ಹಿಡಿಯುವವರು ಅಂತ ಅಕ್ಕ ತಲೆಗೊಂದು ಮೊಟಕಿ ಹೇಳಿಕೊಟ್ಟಳು. ದೋಣಿ ಬಿಟ್ಟ ಮೇಲೆ ಎರಡೂ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ. 'ಥೇಟ್ ನಮ್ಮ ಗಂಗೊಳ್ಳಿಯೇ' ಅಂದಳು ಅಮ್ಮ. ಕುಂದಾಪುರದಿಂದ ಗಂಗೊಳ್ಳಿಗೆ ಹೊಳೆ ದಾಟುವ ದೋಣಿಯಲ್ಲೇ ಅವಳು ಬೆಳೆದದ್ದು. ಆ ಇಡೀ ದಿನದಲ್ಲಿ ಅಮ್ಮ ಬಾಯಿ ಬಿಟ್ಟು ಖುಷಿಪಟ್ಟದ್ದನ್ನು ನಾನು ನೋಡಿದ್ದು ಆ ಹತ್ತು ಹದಿನೈದು ನಿಮಿಷ ಮಾತ್ರ. ಇದು ಆಗ ಗೊತ್ತಾಗಲಿಲ್ಲ.

ಒಳಗೆ ಹೋದ ಮೇಲಿನ ಕಥೆ ಎಲ್ಲರದೂ ಒಂದೇ, ಉದ್ದ ಮಾಡುವುದಿಲ್ಲ. ಡಿಕ್ಕಿ ಹೊಡೆಯುವ ಕಾರು. ತಲೆ ತಿರುಗಿಸುವ ತಟ್ಟೆ. ರೋಲರ್ ಕೋಸ್ಟರ್ ಮಾತ್ರ ಹೇಳಬೇಕು. ಅದರ ಹೆಸರು ಜಿಪ್ಪರ್ ಡಿಪ್ಪರ್. ನನ್ನ ಎತ್ತರ ನೋಡಿ ಬಿಡುತ್ತಾರೋ ಇಲ್ಲವೋ ಅಂತ ಗೇಟಿನ ಹತ್ತಿರ ಎದೆ ಹೊಡೆದುಕೊಳ್ಳುತ್ತಿತ್ತು. ಬಿಟ್ಟರು. ಅಪ್ಪಯ್ಯ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಡಬ್ಬಿಗಳು ಮೇಲೇರುವಾಗ ಟಕ್, ಟಕ್, ಟಕ್ ಅಂತ ಸದ್ದು. ರೋಲರ್ ಕೋಸ್ಟರಿನ ಡಬ್ಬಿಗೆ ಇಂಜಿನ್ ಇರುವುದಿಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಒಂದು ಚೈನು ಅದನ್ನು ಮೊದಲ ಏರಿನ ತುದಿಗೆ ಎಳೆದು ಬಿಡುತ್ತದೆ, ಮುಂದಿನದೆಲ್ಲ ತನ್ನ ಭಾರದ ಮೇಲಿನ ಓಟ. ಆ ಟಕ್ ಟಕ್, ಡಬ್ಬಿ ಹಿಂದಕ್ಕೆ ಜಾರದ ಹಾಗೆ ಒಂದು ಕೊಕ್ಕೆ ಹಲ್ಲಿಂದ ಹಲ್ಲಿಗೆ ಸಿಕ್ಕಿಕೊಳ್ಳುತ್ತಾ ಹೋಗುವ ಸದ್ದು. ಅಂದರೆ ಅದು ಧೈರ್ಯ ಹೇಳುವ ಸದ್ದು. ನಾವು ಅದನ್ನೇ ಕೇಳಿ ಹೆದರುತ್ತಿದ್ದೆವು. ತುದಿಯಲ್ಲಿ ಒಂದು ಕ್ಷಣ ಸದ್ದು ನಿಂತಿತು. ಅಪ್ಪಯ್ಯ 'ಅಯ್ಯೋ ದೇವ್ರೇ' ಅಂದರು. ಗಲ್ಲೆಯಲ್ಲಿ ಕೂತು ನೂರು ಜನರ ಜಗಳ ಬಿಡಿಸುವ ಮನುಷ್ಯನ ಬಾಯಲ್ಲಿ ಆ ಸ್ವರ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಳಿದು ಓಡಿ ಬಂದರೆ ಅಮ್ಮ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಎರಡು ಬ್ಯಾಗು, ಕಾಲ ಬುಡದಲ್ಲಿ ನಮ್ಮ ಚಪ್ಪಲಿಗಳು, ಕೈಯಲ್ಲಿ ಅಪ್ಪಯ್ಯನ ವಾಚು ಮತ್ತು ಕನ್ನಡಕ. ಪ್ರತಿ ರೈಡಿಗೂ ಅದೇ. 'ನೀವ್ ಹೋಯ್ ಬನ್ನಿ, ನಾನ್ ಇಲ್ಲೇ ಕೂಕಂತೆ' ಅನ್ನುತ್ತಿದ್ದಳು. ಮರದ ನೆರಳಿನಲ್ಲಿ ಒಳ್ಳೆಯ ಬೆಂಚು ಅದು. ಸುತ್ತ ಇನ್ನೂ ನಾಲ್ಕೈದು ಹೆಂಗಸರು, ಎಲ್ಲರ ಮಡಿಲಲ್ಲೂ ಬ್ಯಾಗು. ಗುಜರಾತಿ ಒಬ್ಬರು, ಮರಾಠಿ ಇಬ್ಬರು. ಸಂಜೆ ಹೊತ್ತಿಗೆ ಅಮ್ಮನಿಗೆ ಅವರೆಲ್ಲರ ಮಕ್ಕಳ ಹೆಸರು ಗೊತ್ತಾಗಿತ್ತು. ಮನೆಗೆ ಬಂದ ಮೇಲೆ ಹೇಗಿತ್ತಮ್ಮ ಅಂದರೆ 'ಲಾಯ್ಕಿತ್' ಅಂದಳು.

ಆ ಬೆಂಚು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಆಮೇಲೆ ಎಷ್ಟೋ ಸಲ ಹೋದೆ. 1998ರಲ್ಲಿ ಪಕ್ಕದಲ್ಲೇ ವಾಟರ್ ಕಿಂಗ್ಡಮ್ ಬಂತು. ಕಾಲೇಜಿನ ಗೆಳತಿಯರ ಜೊತೆ ಅಲ್ಲಿಗೆ. ಮದುವೆಯಾದ ಹೊಸತರಲ್ಲಿ ಇವರ ಜೊತೆ. 2009ರಲ್ಲಿ ಅಲ್ಲೇ ವಿಪಶ್ಯನಾ ಪಗೋಡ ತೆರೆಯಿತು. ಒಂದು ಕಡೆ ಕಿರುಚುವ ಜಾಗ, ಅದರ ಪಕ್ಕ ಎಂಟು ಸಾವಿರ ಜನ ಒಟ್ಟಿಗೆ ಕೂತು ಸುಮ್ಮನಿರಬಹುದಾದ ಜಾಗ. ನಡುವೆ ಒಂದೇ ಒಂದು ಕಂಬ ಇಲ್ಲದ ಕಲ್ಲಿನ ಗುಮ್ಮಟ. ಮುಂಬೈ ಬಿಟ್ಟರೆ ಇಂಥ ನೆರೆಹೊರೆ ಬೇರೆಲ್ಲಿ ಸಿಗುತ್ತದೆ, ಹೇಳಿ.

2013ರಲ್ಲಿ ಖೋಪೋಲಿಯ ಹತ್ತಿರ, ಪುಣೆಗೆ ಹೋಗುವ ಎಕ್ಸ್‌ಪ್ರೆಸ್ ವೇ ಪಕ್ಕದಲ್ಲಿ, ಇಮ್ಯಾಜಿಕಾ ಶುರುವಾಯಿತು. ಕಟ್ಟಿಸಿದವರು ಆ್ಯಡ್‌ಲ್ಯಾಬ್ಸಿನ ಮನಮೋಹನ್ ಶೆಟ್ಟಿ, ನಮ್ಮ ಕರಾವಳಿ ಕಡೆಯವರು. ದಹಿಸರಿನ ಹೋಟೆಲುಗಳಲ್ಲಿ ಆ ದಿನಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮೂರವರು ಇಡ್ಲಿ ಬಿಟ್ಟು ರೋಲರ್ ಕೋಸ್ಟರ್ ಹಾಕಿದ್ದಾರೆ ಅಂತ ಅಪ್ಪಯ್ಯನಿಗೆ ಎಲ್ಲಿಲ್ಲದ ಹೆಮ್ಮೆ. ಅಷ್ಟು ದೂರ ಹೋಗುವ ಕಾಲು ಅವರಿಗೆ ಆಗ ಇರಲಿಲ್ಲ. 2016ರಲ್ಲಿ ಹೋಗಿಬಿಟ್ಟರು.

ಎಸ್ಸೆಲ್ ವರ್ಲ್ಡ್ ಮುಚ್ಚಿದ್ದು ಕೊರೊನಾ ಕಾಲದ ನಂತರ. ಕೊನೆಯ ದಿನ ಅಂತ ಒಂದು ದಿನ ನಮ್ಮ ನೆನಪಿನಲ್ಲಿ ಇಲ್ಲ. ಎಲ್ಲವೂ ಮುಚ್ಚಿತ್ತಲ್ಲ, ಅದೂ ಮುಚ್ಚಿತ್ತು. ಮಿಕ್ಕವು ಒಂದೊಂದೇ ತೆರೆದುಕೊಂಡವು. ಪಕ್ಕದ ವಾಟರ್ ಕಿಂಗ್ಡಮ್ಮಿನಲ್ಲೂ ನೀರು ಹರಿಯಿತು. ಇದೊಂದು ಮಾತ್ರ ಏಳಲಿಲ್ಲ. ಬೀದಿಯ ಕೊನೆಯ ಅಂಗಡಿಯ ಷಟರ್ ಇಳಿದೇ ಇದ್ದು, ಒಂದು ದಿನ ನಮಗೆ ಅದು ಅಂಗಡಿ ಅನ್ನುವುದೇ ಮರೆತು ಹೋಗುತ್ತದಲ್ಲ, ಹಾಗೆ.

ಈಗ ಹೊಸ ಪಾರ್ಕಿನ ಮಾತು. ಮುಂಬೈಯಲ್ಲಿ 'ಥೀಮ್ ಪಾರ್ಕ್' ಅನ್ನುವ ಶಬ್ದ ಕೇಳಿದರೆ ನಾನು ಸ್ವಲ್ಪ ಹುಷಾರಾಗುತ್ತೇನೆ. 2013ರಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲೀಸ್ ಮುಗಿದಾಗ ಅಲ್ಲಿ ಥೀಮ್ ಪಾರ್ಕ್ ಮಾಡಬೇಕು ಅಂತ ಪಾಲಿಕೆಯಲ್ಲಿ ದೊಡ್ಡ ಗಲಾಟೆ ಎದ್ದಿತ್ತು. 1883ರಿಂದ ಕುದುರೆ ಓಡುತ್ತಿದ್ದ ಜಾಗ ಅದು, 211 ಎಕರೆ. ಹನ್ನೊಂದು ವರ್ಷ ಕಳೆದು 2024ರಲ್ಲಿ ಒಪ್ಪಂದ ಆಯಿತು. 120 ಎಕರೆ ಪಾಲಿಕೆಗೆ, 91 ಎಕರೆ ರೇಸಿನವರಿಗೆ. ಅಷ್ಟು ಹೊತ್ತಿಗೆ ಥೀಮ್ ಪಾರ್ಕ್ ಹೋಗಿ ಸೆಂಟ್ರಲ್ ಪಾರ್ಕ್ ಅಂತ ಹೆಸರು ಬದಲಾಗಿತ್ತು. 2013ರಲ್ಲಿ ಸುದ್ದಿ ಕೇಳಿ ಕುಣಿದ ಏಳು ವರ್ಷದ ಮಗು ಆ ಹೊತ್ತಿಗೆ ವೋಟರ್ ಲಿಸ್ಟಿಗೆ ಸೇರಿತ್ತು. ಹೆಸರು ಬದಲಾದದ್ದು ನನ್ನ ಮಟ್ಟಿಗೆ ಒಳ್ಳೆಯದೇ. ಊರಿನ ನಡುವೆ ಬೇಕಾದದ್ದು ಟಿಕೆಟ್ ಇಲ್ಲದ ಮರದ ನೆರಳು. ಆದರೆ ಆ ಮಗುವಿನ ಲೆಕ್ಕ ಯಾರೂ ಇಡುವುದಿಲ್ಲ, ಅಲ್ವಾ?

ಗೊರಾಯಿಯಲ್ಲಿ ಏನು ಕಟ್ಟಿದರೂ ಸುಲಭ ಇಲ್ಲ. ಸುತ್ತ ಕಾಂಡ್ಲಾ. ಅದನ್ನು ಕಡಿಯುವಂತಿಲ್ಲ, ಅದರ ಅಂಚಿನಿಂದ 50 ಮೀಟರ್ ಒಳಗೆ ಕಟ್ಟುವಂತೆಯೂ ಇಲ್ಲ ಅಂತ 2018ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ರಸ್ತೆಯಲ್ಲಿ ಹೋಗುವುದಾದರೆ ಭಾಯಂದರ್ ಸುತ್ತಿ ಹೋಗಬೇಕು. ದೋಣಿಯಲ್ಲಾದರೆ ಹದಿನೈದು ನಿಮಿಷ. ಆಚೆ ದಡದ ಗೊರಾಯಿ, ಮನೋರಿ, ಉತ್ತನ್ ಊರುಗಳ ಕೋಳಿಗಳು, 'ಈಸ್ಟ್ ಇಂಡಿಯನ್' ಅಂತ ಕರೆಸಿಕೊಳ್ಳುವ ಇಲ್ಲಿನ ಮೂಲದ ಕ್ರಿಶ್ಚಿಯನ್ನರು ತಮ್ಮ ಗದ್ದೆ, ಬಲೆ, ಇಗರ್ಜಿ ಇಟ್ಟುಕೊಂಡು ಬದುಕುತ್ತಾ ಬಂದಿದ್ದಾರೆ. ಟೂರಿಸಂ ಬರುತ್ತದೆ ಅಂದಾಗಲೆಲ್ಲ ಅವರಿಗೆ ಹೆದರಿಕೆ. ಹೆದರಿಕೆ ತಪ್ಪು ಅಂತ ನಾನು ಹೇಳಲಾರೆ. ಪಾರ್ಕಿಗೆ ಬರುವವರು ಸಂಜೆ ಮನೆಗೆ ಹೋಗುತ್ತಾರೆ. ಬಿಟ್ಟುಹೋದ ಚಿಪ್ಸ್ ಪೊಟ್ಟಣ ಸೇರುವುದು ಅವರ ಬಲೆಗೆ.

ಇಷ್ಟೆಲ್ಲ ಗೊತ್ತಿದ್ದೂ ನನಗೂ ಆ ಪಾರ್ಕ್ ಬೇಕು. ಬಾಯಿ ಬಿಟ್ಟು ಹೇಳಲು ನಾಚಿಕೆ ಅಷ್ಟೇ.

ಬೇಕು ಅಂದರೆ ಹೇಗಿರಬೇಕು? ನನ್ನ ಬೇಡಿಕೆ ಒಂದೇ ಇತ್ತು. ಬೆಂಚು. ಇದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಒಂದು ಮಾಲಿನೊಳಗಿನ ಆಟದ ಜಾಗಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಹೆಸರು ಬೇಡ. ಅಮ್ಮನೂ ಬಂದಿದ್ದಳು. ಬಾಗಿಲಲ್ಲಿ ಅವಳ ಚೀಲ ಬಿಚ್ಚಿಸಿದರು. ಅದರಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂದರು. ಸರಿ. ಆಟ ಆಡದೆ ಸುಮ್ನೆ ಕೂರುವವರಿಗೂ ಟಿಕೆಟ್ ಬೇಕು ಅಂದರು. ಅದೂ ಸರಿ, ತಗೊಂಡೆವು. ಒಳಗೆ ಹೋದರೆ ಕೂರಲು ಜಾಗವೇ ಇಲ್ಲ. ತಿಂಡಿ ಕೊಂಡರೆ ಮಾತ್ರ ಕುರ್ಚಿ. ಅರವತ್ತು ದಾಟಿದ ಹೆಂಗಸು ಒಂದೂವರೆ ಗಂಟೆ ಗೋಡೆಗೆ ಒರಗಿ ನಿಂತಿದ್ದಳು, ತಲೆಯ ಮೇಲೆ ಡಂ ಡಂ ಹಾಡು, ಮಡಚಿದ ಕೈಯಲ್ಲಿ ನಮ್ಮ ಬ್ಯಾಗು. ಕೊನೆಗೆ ನೂರಿಪ್ಪತ್ತು ರೂಪಾಯಿಯ ಕಾಫಿ ತಗೊಂಡು ಕುರ್ಚಿ ಗಳಿಸಿದೆವು. ಅಮ್ಮ ಒಂದು ಗುಟುಕು ಕುಡಿದು, ಕಪ್ಪನ್ನು ದೂರ ಸರಿಸಿದಳು. ಹೋಟೆಲಿನವರ ಹೆಂಡತಿ ಅವಳು, ಆ ಸರಿಸಿದ ರೀತಿಯಲ್ಲೇ ಎಲ್ಲ ಹೇಳಿಯಾಗಿತ್ತು.

ಅವತ್ತಿನಿಂದ ನಾನು ಬೆಂಚಿನ ವಕೀಲೆ. ಸಿಕ್ಕವರಿಗೆಲ್ಲ ಒಂದು ಕಥೆ ಹೇಳುತ್ತಿದ್ದೆ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಕುದುರೆಯ ಮೇಲೆ. ಅವನು ಬೆಂಚಿನ ಮೇಲೆ ಕೂತು ಕಡ್ಲೆಕಾಯಿ ತಿನ್ನುತ್ತಿದ್ದ. ಅಲ್ಲಿ ಕೂತಾಗಲೇ ಅವನಿಗೆ ಡಿಸ್ನಿಲ್ಯಾಂಡಿನ ಯೋಚನೆ ಬಂತು. 1955ರ ಜುಲೈ 17ಕ್ಕೆ ಅದರ ಬಾಗಿಲು ತೆರೆಯಿತು. ನೋಡಿ, ಪ್ರಪಂಚದ ಅಷ್ಟು ದೊಡ್ಡ ಪಾರ್ಕ್ ಹುಟ್ಟಿದ್ದೇ ಬ್ಯಾಗ್ ಕಾಯುವವರ ಬೆಂಚಿನ ಮೇಲೆ, ಹೊಸದಾಗಿ ಕಟ್ಟುವವರು ಬೆಂಚಿನಿಂದಲೇ ಶುರುಮಾಡಬೇಕು ಅಂತ ನನ್ನ ವಾದ. ಚೆನ್ನಾಗಿದೆ ಅಂತ ನನಗೇ ಅನಿಸುತ್ತಿತ್ತು.

ಈ ಜನವರಿಯಲ್ಲಿ ಮಗಳನ್ನು, ಅಮ್ಮನನ್ನು ಕರೆದುಕೊಂಡು ಪಗೋಡ ನೋಡಲು ಹೋದೆ. ಅದೇ ಖಾಡಿ, ಅದೇ ದೋಣಿ. ಬೊಂಬಿಲ್ ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು, ಅಮ್ಮ ಈ ಸಲವೂ ಉಸಿರು ಎಳೆದುಕೊಂಡಳು. ಮೊದಲೆಲ್ಲ ದೋಣಿ ಆಚೆ ದಡಕ್ಕೆ ಹತ್ತಿರ ಬರುವಾಗ ಗಾಳಿಯಲ್ಲಿ ಕಿರುಚಾಟ ಕೇಳುತ್ತಿತ್ತು. ಈಗ ಇಂಜಿನ್ನಿನ ಪುಟುಪುಟು, ಅದು ಬಿಟ್ಟರೆ ಬೆಳ್ಳಕ್ಕಿಗಳು. ಕಾಂಡ್ಲಾದ ಮೇಲೆ ಪಗೋಡದ ಬಂಗಾರದ ಬಣ್ಣದ ತುದಿ ಹೊಳೆಯುತ್ತಿತ್ತು.

'ಪಾರ್ಕ್ ಎಲ್ಲಿ ಬರೋದು?' ಅಂದಳು ಮಗಳು.

ನಾನು ಕೈ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಅಲ್ಲಿ ನೋಡಲು ಏನೂ ಇರಲಿಲ್ಲ. ಅವಳಿಗೆ ಕಾಣುತ್ತಿತ್ತು.

ಮನೆಗೆ ಬಂದವಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಪಾರ್ಕಿನ ನಕ್ಷೆ ಬರೆಯಲು ಕೂತಳು. ಎರಡು ಸಂಜೆ ಬೇಕಾಯಿತು. ದೋಣಿ ಬಂದು ನಿಲ್ಲುವ ಜಾಗ. ಟಿಕೆಟ್ ಕಿಟಕಿ, ಅದರಲ್ಲಿ ಮೀಸೆಯ ಮನುಷ್ಯ. ಒಂದು ರೋಲರ್ ಕೋಸ್ಟರ್ ಖಾಡಿಯ ಮೇಲೆ ಹೋಗಿ ಸುತ್ತಿ ವಾಪಸ್ ಬರುತ್ತದೆ. (ಹೈಕೋರ್ಟ್ ಒಪ್ಪುವುದಿಲ್ಲ ಅಂತ ನಾನು ಹೇಳಲಿಲ್ಲ.) ಹಿಮದ ಗುಡ್ಡ ಇದೆ, ಅದರ ಪಕ್ಕ ಡೈನೋಸಾರ್ ಇದೆ. ಲಿಫ್ಟಿನಲ್ಲಿ ಕೇಳಿದ ಯಾವ ಸುದ್ದಿಗೂ ಅವಳು ಅನ್ಯಾಯ ಮಾಡಿಲ್ಲ. ವಡಾಪಾವ್ ಗಾಡಿ ಇದೆ. ಮೂಲೆಯಲ್ಲಿ ಒಂದು ಮರ, ಮರದ ಕೆಳಗೆ ಉದ್ದನೆಯ ಬೆಂಚು, ಬೆಂಚಿನ ಮೇಲೆ ಸೀರೆ ಉಟ್ಟ ಗೊಂಬೆ, ಗೊಂಬೆಯ ಸುತ್ತ ನಾಲ್ಕು ಬ್ಯಾಗು. ಬಾಣದ ಗುರುತು ಹಾಕಿ ಬರೆದಿದ್ದಳು: 'ಅಜ್ಜಿ ಬೆಂಚ್'.

ನನಗೆ ಗಂಟಲು ಕಟ್ಟಿತು. ನನ್ನ ಮಗಳು, ನನ್ನ ವಾದವನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾಳೆ ಅಂತ. ಅಮ್ಮನಿಗೆ ತೋರಿಸಿದೆ. ಅವಳು ಆಗ ಬೀನ್ಸ್ ಮುರಿಯುತ್ತಿದ್ದಳು. ಕನ್ನಡಕ ಏರಿಸಿ ಹಾಳೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದಳು. ಸೀರೆಯ ಗೊಂಬೆಯ ಹತ್ತಿರ ಬಂದು ನಿಂತಳು.

'ನಂಗ್ ಎಂತಕ್ ಬೆಂಚು?' ಅಂದಳು. 'ಕೂಕಂಬುಕೆ ಅಲ್ಲಿ ತನಕ ಹೋಯ್ಕಾ?'

ಮಗಳು ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ.

'ಮತ್ತೆ ಅವತ್ತು ಎಸ್ಸೆಲ್ ವರ್ಲ್ಡಲ್ಲಿ ಒಂದೂ ಹತ್ತಲಿಲ್ಲವಲ್ಲಮ್ಮ ನೀನು?'

'ನನ್ನತ್ರ ಯಾರ್ ಕೇಂಡ್ರಿ?' ಅಂದಳು ಅಮ್ಮ. ಸಿಟ್ಟಿನಲ್ಲಲ್ಲ. ಬೀನ್ಸಿನ ನಾರು ಎಳೆದು ಪಕ್ಕಕ್ಕೆ ಹಾಕಿದಳು. 'ಬ್ಯಾಗ್ ಕೊಟ್ಟು ಓಡಿದ್ರಿ.'

ಆಮೇಲೆ ಕಥೆ ಬಂತು. ಅಮ್ಮನ ಬಾಯಲ್ಲಿ ಕೋಟೇಶ್ವರದ ಕೊಡಿ ಹಬ್ಬದ ಮಾತು ನಾನು ನೂರು ಸಲ ಕೇಳಿದ್ದೇನೆ. ತೇರು, ಜನ, ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡು ಮನೆಗೆ ತರುವುದು. ಎಲ್ಲ ಗೊತ್ತಿದೆ ಅಂದುಕೊಂಡಿದ್ದೆ. ಮರದ ತೊಟ್ಟಿಲಿನ ಕಥೆ ಮಾತ್ರ ಅವತ್ತೇ ಕೇಳಿದ್ದು. ಆಗೆಲ್ಲ ಕರೆಂಟಿನ ಜಯಂಟ್ ವೀಲ್ ಇಲ್ಲ. ನಾಲ್ಕು ಪೆಟ್ಟಿಗೆಯ ತೊಟ್ಟಿಲು, ಇಬ್ಬರು ಗಂಡಸರು ಕೈಯಲ್ಲಿ ತಿರುಗಿಸುವುದು. ಹನ್ನೆರಡು ವರ್ಷದ ಅಮ್ಮ ಒಂದೇ ದಿನ ಆರು ಸಲ ಹತ್ತಿದ್ದಳಂತೆ. ಮಾವ ಬತ್ತಾಸು ತಿನ್ನಲು ಕೊಟ್ಟ ದುಡ್ಡೂ ತೊಟ್ಟಿಲಿಗೇ. ಏಳನೇ ಸಲಕ್ಕೆ ದುಡ್ಡಿಲ್ಲದೆ ನಿಂತವಳನ್ನು ಕಂಡು ತಿರುಗಿಸುವವನು 'ಬಾ, ಹತ್ತು' ಅಂದನಂತೆ. ಅಷ್ಟರಲ್ಲಿ ಅಜ್ಜಯ್ಯ ಜುಟ್ಟು ಹಿಡಿದು ಎಳೆದುಕೊಂಡು ಹೋದರು. 'ಮೇಲೆ ಹೋದಾಗ ತೇರಿನ ತುದಿ ನಮ್ಗಿಂತ ಕೆಳಗೆ ಕಾಣ್ತಿತ್ತ್' ಅಂದಳು ಅಮ್ಮ. ಅಷ್ಟು ಎತ್ತರ ಇರಲು ಸಾಧ್ಯವೇ ಇಲ್ಲ. ನಾನು ತಿದ್ದಲಿಲ್ಲ.

ರಾತ್ರಿ ಮಲಗಿದ ಮೇಲೆ ಡಿಸ್ನಿಯ ಕಥೆ ಮತ್ತೆ ನೆನಪಾಯಿತು. ಅದನ್ನು ನಾನು ಇಷ್ಟು ದಿನ ತಲೆಕೆಳಗಾಗಿ ಹೇಳಿಕೊಂಡು ತಿರುಗಿದ್ದೆ. ಆ ಮನುಷ್ಯ ಬೆಂಚಿನ ಮೇಲೆ ಕೂತು ಯೋಚಿಸಿದ್ದು ಒಳ್ಳೆಯ ಬೆಂಚಿನ ಬಗ್ಗೆ ಅಲ್ಲ. ಅಪ್ಪ ಅಮ್ಮಂದಿರೂ ಮಕ್ಕಳ ಜೊತೆ ಆಡಲು ಆಗುವಂಥ ಜಾಗ ಯಾಕಿಲ್ಲ ಅಂತ. ಅವನಿಗೆ ಏಳಬೇಕಾಗಿತ್ತು. ನಾನು ನೋಡಿದರೆ ಅಮ್ಮನಿಗೆ ಇನ್ನೂ ಮೆತ್ತನೆಯ ಬೆಂಚು ಹುಡುಕುತ್ತಿದ್ದೆ.

ಮರುದಿನ ಮಗಳು ರಬ್ಬರ್ ತಗೊಂಡು ನಕ್ಷೆ ತಿದ್ದಿದಳು. ಬೆಂಚು ಅಳಿಸಲಿಲ್ಲ, ಗೊಂಬೆಯನ್ನು ಅಳಿಸಿದಳು. ಈಗ ಬೆಂಚಿನ ಮೇಲೆ ಬರೀ ಬ್ಯಾಗುಗಳಿವೆ. 'ಬ್ಯಾಗ್ ಯಾರು ಕಾಯೋದು?' ಅಂದೆ. ಅವಳು ಯೋಚಿಸಿ, ಪಕ್ಕದಲ್ಲಿ ಪ್ಯಾಂಟು ಹಾಕಿದ ಒಂದು ಗೊಂಬೆ ಬರೆದು 'ಪಪ್ಪ' ಅಂದಳು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಲಿಫ್ಟಿನಲ್ಲಿ ಸುದ್ದಿ ಇನ್ನೂ ಓಡಾಡುತ್ತಿದೆ. ಹೋದ ವಾರದಿಂದ ಹಿಮ ಹೋಗಿ ಸಮುದ್ರದೊಳಗಿನ ಗಾಜಿನ ಸುರಂಗ ಬಂದಿದೆ. ಮಗಳು ನಕ್ಷೆಗೆ ಇನ್ನೊಂದು ಹಾಳೆ ಅಂಟಿಸಿದ್ದಾಳೆ.

ಮೊನ್ನೆ ಭಾನುವಾರ ಎಂದಿನ ಹಾಗೆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. 118. ಕೂದಲು ಎಣ್ಣೆ ಹಾಕಿ ಬಾಚಿದ್ದಕ್ಕೆ ಕಡಿಮೆ ಬಂತು ಅಂತ ವಾದ. ಅವಳು ಈಚೆ ಸರಿದ ಮೇಲೆ ನಾನು ಸ್ಕೇಲ್ ಒಳಗಿಡಲು ಹೊರಟೆ.

'ನಿಲ್' ಅಂದಳು ಅಮ್ಮ.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಚೌಕಟ್ಟಿಗೆ ಒರಗಿ ನಿಂತಳು. ಬೆನ್ನು ಪೂರ್ತಿ ನೇರ ಬರುವುದಿಲ್ಲ ಈಗ. ಕಾಲಿನ ಹತ್ತಿರ ಮಗಳು ಕುಕ್ಕರುಗಾಲಿನಲ್ಲಿ ಕೂತು ಹಿಮ್ಮಡಿ ನೋಡಿದಳು.

'ಅಜ್ಜಿ, ಎತ್ತಬಾರದು.'

'ಎತ್ತಲಿಲ್ಲ ಮಾರಾಯ್ತಿ.'

ಎತ್ತಿದ್ದಳು. ನಾನು ಸುಮ್ಮನೆ ಗೆರೆ ಹಾಕಿದೆ.